ಡ್ರಮ್ಮಿನಲ್ಲಿ ಉಳಿದ ಕಡಲು

ಅದು ಗುರುವಾರ. ನಮ್ಮ ಮನೆಯಲ್ಲಿ ಗುರುವಾರವೆಂದರೆ ಮೀನಿನ ತೊಟ್ಟಿಯ ನೀರು ಬದಲಿಸುವ ದಿನ. ತಮ್ಮ ಲುಂಗಿ ಮೇಲೆತ್ತಿ ಕಟ್ಟಿ, ಹೆಗಲ ಮೇಲೆ ಹಳೆಯ ಬೈರಾಸು ಹಾಕಿಕೊಂಡು, ಹಾಲಿನಲ್ಲಿ ಎರಡು ಬಕೆಟ್ ತಂದಿಟ್ಟ. ಪೈಪಿನ ಒಂದು ತುದಿ ಅವನ ಕೈಯಲ್ಲಿ, ತೊಟ್ಟಿಯ ಒಳಗೆ. ಇನ್ನೊಂದು ತುದಿ ನನ್ನ ಕೈಯಲ್ಲಿ, ಬಕೆಟಿನ ಮೇಲೆ. ಒಂಬತ್ತು ವರ್ಷ ಆ ತೊಟ್ಟಿಯ ವಿಷಯದಲ್ಲಿ ನಾನು ಮಾಡಿದ ಕೆಲಸ ಅಷ್ಟೇ. ಪೈಪ್ ಹಿಡಿಯುವುದು.

"ಬಾಯ್, ಪೈಪ್ ನೋಡು. ಟಿವಿ ಅಲ್ಲ."

"ನೋಡ್ತಾ ಇದ್ದೇನೆ ಮಾರಾಯ."

"ಎಂತ ನೋಡುದು? ನೀರೆಲ್ಲ ನೆಲಕ್ಕೆ ಹೋಗ್ತಾ ಉಂಟು."

ಬೈರಾಸನ್ನು ನನ್ನ ಕಾಲಿನ ಬಳಿ ಎಸೆದ. ನಾನು ಕಾಲಿನಿಂದಲೇ ಒರೆಸಿದೆ. ಅಕ್ಕನನ್ನು ನಾವು ಬಾಯ್ ಎನ್ನುತ್ತೇವೆ. ನಮ್ಮ ಮನೆಯ ಮಾತು ಕೊಂಕಣಿ, ಬಸ್ಸಿನಲ್ಲಿ ತುಳು, ಬರೆಯಲು ಕಲಿತದ್ದು ಕನ್ನಡ. ಹಾಗಾಗಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಮದುವೆಯಾಗಲಿಲ್ಲ. ನಾನು ಹತ್ತನೆಯವರೆಗೆ ಓದಿ, ಒಂದು ಆಸ್ಪತ್ರೆಯ ಬಟ್ಟೆಯ ಕೋಣೆಯಲ್ಲಿ ಬೆಡ್‌ಶೀಟು, ದಿಂಬಿನ ಚೀಲ ಮಡಚುತ್ತ ನಿವೃತ್ತಳಾದವಳು. ತಮ್ಮ ನನಗಿಂತ ಐದು ವರ್ಷಕ್ಕೆ ಚಿಕ್ಕವನು. ಗಲ್ಫಿನಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದ. ಊರಿಗೆ ಬಂದು ವಾಮಂಜೂರಿನ ಈ ಮನೆ ಸರಿಮಾಡಿಸಿದ ಮೇಲೆ, ಮೂರಡಿಯ ಗಾಜಿನ ತೊಟ್ಟಿ ತಂದ. ಒಳಗೆ ಒಂದಿಷ್ಟು ಕಡಲ ಕಲ್ಲುಗಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು. ಒಂದು ದೊಡ್ಡದು, ಒಂದು ಸಣ್ಣದು. ಹೆಸರಿಡಲಿಲ್ಲ. ದೊಡ್ಡದು, ಸಣ್ಣದು ಎಂದೇ ಕರೆಯುತ್ತಿದ್ದೆವು.

"ಅಲ್ಲಿ ತೆಗೆದ ಉಪ್ಪನ್ನೆಲ್ಲ ಇಲ್ಲಿ ವಾಪಸ್ ಹಾಕ್ತಾ ಇದ್ದೀಯಾ?" ಎಂದು ನಾನು ಕೀಟಲೆ ಮಾಡುತ್ತಿದ್ದೆ.

"ಹೌದು, ಪಾಪ ಪರಿಹಾರ" ಎನ್ನುತ್ತಿದ್ದ.

ಹಿಂದಿನ ವರಾಂಡದಲ್ಲಿ ನೀಲಿ ಡ್ರಮ್ ಒಂದಿದೆ. ಫಿಲ್ಟರ್ ಮಾಡಿದ ನೀರಿಗೆ ಪ್ಯಾಕೆಟಿನ ಉಪ್ಪು ಹಾಕಿ, ಸಣ್ಣ ಮೋಟರು ಬಿಟ್ಟು ಒಂದು ದಿನ ತಿರುಗಿಸುತ್ತಿದ್ದ. ಅಡುಗೆಯ ಉಪ್ಪಲ್ಲ, ತೊಟ್ಟಿಗೆಂದೇ ಬರುವ ಉಪ್ಪು. ಅಳೆಯುವ ಸಾಮಾನು ಏನೇನೋ ಅವನ ಬಳಿ ಇದ್ದಿರಬೇಕು, ಆದರೆ ನಾನು ಕಂಡದ್ದು ಅವನ ನಾಲಿಗೆಯನ್ನು. ಬೆರಳು ಅದ್ದಿ ನಾಲಿಗೆಯ ತುದಿಗೆ ಇಟ್ಟು, ಕಣ್ಣು ಸಣ್ಣ ಮಾಡಿ, "ಹಾಂ, ಕಡಲಾಯ್ತು" ಎನ್ನುತ್ತಿದ್ದ. ಹಿಂದಿನ ದಿನವೇ ಬೆರೆಸಿಟ್ಟಿದ್ದ ಡ್ರಮ್ಮಿನ ನೀರನ್ನು ಆ ಗುರುವಾರವೂ ಹಾಗೆಯೇ ನೋಡಿದ. ಎರಡು ಬಕೆಟ್ ತೊಟ್ಟಿಗೆ ಹೋಯಿತು. ಉಳಿದದ್ದು ಮುಂದಿನ ವಾರಗಳಿಗೆಂದು ಮುಚ್ಚಳ ಹಾಕಿಟ್ಟ.

ಸಂಜೆ ತೇರ್ಸ ಹೇಳಿದೆವು. ತೇರ್ಸವೆಂದರೆ ಜಪಮಾಲೆಯ ಪ್ರಾರ್ಥನೆ. ದಿನವೂ ಏಳು ಗಂಟೆಗೆ ಹಾಲಿನ ದೇವರ ಪೀಠದ ಮುಂದೆ. ತೊಟ್ಟಿ ಇರುವುದೂ ಅದೇ ಗೋಡೆಯ ಬದಿಗೆ. ಅದರ ಮೋಟರು ಯಾವಾಗಲೂ ಗುಂಯ್ ಎನ್ನುತ್ತ, ನೊರೆ ಎಬ್ಬಿಸುವ ಕೊಳವೆ ಗೊರಗೊರ ಎನ್ನುತ್ತ ಇರುತ್ತದೆ. ತೊಟ್ಟಿ ತಂದ ಹೊಸದರಲ್ಲಿ ನಾನು ಜಗಳ ಮಾಡಿದ್ದೆ: ದೇವರ ಹೆಸರು ಹೇಳುವಾಗ ಈ ಗೊರಗೊರ ಬೇಡ ಎಂದು. ಅರ್ಧ ಗಂಟೆ ನಿಂತರೆ ಮೀನಿಗೆ ಏನೂ ಆಗದು ಎಂದು ಅವನು ಒಪ್ಪಿದ. ಅಂದಿನಿಂದ ಅದೇ ಕ್ರಮ. ಮೇಣದ ಬತ್ತಿ ಹೊತ್ತಿಸಿ ಮೋಟರಿನ ಸ್ವಿಚ್ ಆಫ್ ಮಾಡುವುದು ನಾನು. ತೇರ್ಸ ಮುಗಿದ ಕೂಡಲೇ ನಾನು ಊಟ ಬಿಸಿ ಮಾಡಲು ಒಳಗೆ ಹೋಗುತ್ತಿದ್ದೆ. ಆನ್ ಮಾಡುವುದು ಅವನು. ಯಾರೂ ಹೀಗೆಂದು ಹಂಚಿ ಕೊಟ್ಟದ್ದಲ್ಲ, ಹಾಗೇ ಆಗಿಹೋಯಿತು. ಒಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ಆ ಸ್ವಿಚ್ ಆನ್ ಮಾಡಿದ ನೆನಪಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಬಂಗುಡೆ ತರಲು ಹೋದವನು ಮೀನಿನ ಕಟ್ಟೆಯ ಎದುರು ಕುಸಿದು ಕೂತನಂತೆ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಮಧ್ಯಾಹ್ನ ಮನೆಗೆ ತಂದರು. ಹಾಲಿನ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದರು. ಸಾವಿನ ಮನೆಯಲ್ಲಿ ಬಣ್ಣದ ಲೈಟು, ಆಡುವ ಮೀನು ಚಂದ ಕಾಣುವುದಿಲ್ಲ ಎಂದು ಯಾರೋ ಸಂಬಂಧಿಕರು ತೊಟ್ಟಿಯ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿದರು. ಸಂಜೆ ನಮ್ಮ ಚರ್ಚಿನ ವಾರ್ಡಿನವರೆಲ್ಲ ಬಂದು ತೇರ್ಸಕ್ಕೆ ಮೊಣಕಾಲೂರಿದರು. ನಾನು ಎದ್ದು ಬತ್ತಿ ಹೊತ್ತಿಸಿದೆ, ಸ್ವಿಚ್ ಆಫ್ ಮಾಡಿದೆ, ಬಂದು ಕೂತೆ.

ಮರುದಿನ ಇಗರ್ಜಿಯ ಪೂಜೆ, ಮಣ್ಣು, ಎಲ್ಲ ಮುಗಿಸಿ ಬರುವಾಗ ಎರಡು ಗಂಟೆ ದಾಟಿತ್ತು. ಯಾರೋ ಚಹಾ ಕೊಟ್ಟರು. "ಮನೆ ಎಷ್ಟು ಮೌನ ಆಯ್ತಲ್ಲ ಬಾಯ್" ಎಂದು ಕೂಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಹೇಳಿದ. ನನಗೂ ಹಾಗೇ ಅನಿಸುತ್ತಿತ್ತು. ಇಷ್ಟೊಂದು ಮೌನ ಈ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಒಬ್ಬ ಮನುಷ್ಯ ಹೋದರೆ ಮನೆ ಹೀಗಾಗುತ್ತದೆ ಎಂದುಕೊಂಡು ಅರ್ಧ ಲೋಟ ಚಹಾ ಕುಡಿದೆ. ಆಮೇಲೆ ಗೊತ್ತಾಯಿತು. ಅದು ಮೋಟರು ನಿಂತ ಮೌನ.

ಬೆಡ್‌ಶೀಟ್ ಎಳೆದೆ. ನೀರು ಹಾಲು ಬೆರೆಸಿದ ಹಾಗೆ ಮಸುಕು. ಸಣ್ಣದು ಕಲ್ಲಿನ ಸಂದಿಯಲ್ಲಿ ಅಡ್ಡ ಬಿದ್ದಿತ್ತು. ದೊಡ್ಡದು ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ಮುಚ್ಚುತ್ತಿತ್ತು. ಸ್ವಿಚ್ ಆನ್ ಮಾಡಿದೆ. ಕೆಟ್ಟ ಮೊಟ್ಟೆಯಂಥ ವಾಸನೆ ಹಾಲಿಗೆಲ್ಲ ಹಬ್ಬಿತು. ಮನೆಯಲ್ಲಿ ಉಳಿದಿದ್ದ ಕೆಲವರು ಮೂಗು ಮುಚ್ಚಿಕೊಂಡು ಒಬ್ಬೊಬ್ಬರೇ ಅಂಗಳಕ್ಕೆ ಹೋದರು.

ತಮ್ಮನ ಫೋನಿನಲ್ಲಿ ಹುಡುಕಿ, ಅವನು ಮೀನು, ಉಪ್ಪು ತರುತ್ತಿದ್ದ ಕುದ್ರೋಳಿಯ ಅಂಗಡಿಯ ಕಾಕನಿಗೆ ಫೋನ್ ಮಾಡಿದೆ. ವಯಸ್ಸಾದ ಬ್ಯಾರಿ ಮುಸ್ಲಿಮರು, ನಾನು ಅವರನ್ನು ನೋಡಿದ್ದು ಎರಡೇ ಸಲ. ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಅದನ್ನೂ, ಮೋಟರು ನಿಂತು ನೀರು ಕೆಟ್ಟದ್ದನ್ನೂ ಹೇಳಿದಾಗ ಕೇಳಿಕೊಂಡರು. ಮತ್ತೆ, "ಬಾಯಮ್ಮ, ಮೋಟರ್ ಯಾರು ಆಫ್ ಮಾಡಿದ್ದು?" ಎಂದರು.

"ಜನ ತುಂಬ ಇದ್ದರು ಕಾಕ. ಯಾರೋ ಮಾಡಿರ್ಬೇಕು" ಎಂದೆ.

ಸಮಾಧಿಯ ಮಣ್ಣು ಇನ್ನೂ ನನ್ನ ಚಪ್ಪಲಿಯಲ್ಲಿತ್ತು. ಆಗಲೇ ಆ ಸುಳ್ಳು ಹೇಳಿದೆ.

ಕಾಕ ಅಂದೇ ಸ್ಕೂಟರಿನಲ್ಲಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಮ್ಮನ ಫೋಟೋದ ಎದುರು ತಲೆ ತಗ್ಗಿಸಿ ನಿಂತು, ನೇರ ತೊಟ್ಟಿಗೆ ಹೋದರು. ಕಲ್ಲಿನ ಒಳಗೆ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ, ಮೀನಿನ ಹೇಲು, ಉಳಿದ ತಿಂಡಿ, ಎಲ್ಲವನ್ನೂ ತಿಂದು ನೀರು ಸರಿ ಇಡುವುದು ಅವೇ, ನೀರು ಓಡದಿದ್ದರೆ ಗಾಳಿ ಸಿಗದೆ ಅವು ಸಾಯುತ್ತವೆ ಎಂದು ವಿವರಿಸಿದರು. ಈಗ ಅವು ಸತ್ತಿವೆ, ಅವುಗಳ ಕೆಲಸ ಮಾಡುವವರಿಲ್ಲದೆ ನೀರಿನಲ್ಲಿ ಅಮೋನಿಯ ಏರಿದೆ.

"ಕಾಲುಭಾಗ ನೀರು ಬದಲಿಸ್ಬೇಕು. ಬೆರೆಸಿದ್ದು ಉಂಟಾ?"

ಡ್ರಮ್ಮಿನಲ್ಲಿ ಇತ್ತು. ಆದರೆ "ಅದು ಬೇಡ" ಎಂದೆ. "ನಿಮ್ಮ ಅಂಗಡಿಯಿಂದ ತನ್ನಿ."

"ಅದು ಫಸ್ಟ್ ಕ್ಲಾಸ್ ನೀರು ಬಾಯಮ್ಮ. ನಿಮ್ಮ ತಮ್ಮ ಮಾಡಿದ್ದು ಅಂದ್ರೆ ನೋಡುದೇ ಬೇಡ."

"ಅದಕ್ಕೇ ಬೇಡ ಹೇಳಿದ್ದು."

ಕಾಕ ನನ್ನ ಮುಖ ನೋಡಿದರು. ಹೆಚ್ಚು ಕೇಳದೆ ಹೋಗಿ, ಆಟೋದಲ್ಲಿ ನಾಲ್ಕು ಕ್ಯಾನ್ ನೀರು ತಂದರು.

ಅಲ್ಲಿಂದ ಶುರುವಾಯಿತು ನನ್ನ ಪರದಾಟ. ತಮ್ಮ ಹೋದ ಏಳನೆಯ ದಿನದ ಪೂಜೆ, ಬಂದವರ ಊಟ, ಪೇಪರು, ಬ್ಯಾಂಕು, ಅದೆಲ್ಲ ಹೇಗೋ ಆಯಿತು. ಅದಕ್ಕೆಲ್ಲ ಹೇಳಿಕೊಡುವವರಿದ್ದರು. ಈ ತೊಟ್ಟಿ ಮಾತ್ರ ನನ್ನ ಪ್ರಾಣ ತಿಂದಿತು. ನನಗೆ ಇದ್ದ ಹಟ ಒಂದೇ: ದೊಡ್ಡದು ಸಾಯಬಾರದು. ಸಣ್ಣದನ್ನು ಕೊಂದದ್ದು ನಾನು. ದೊಡ್ಡದನ್ನೂ ಕೊಂದರೆ ಅವನ ಒಂಬತ್ತು ವರ್ಷದ ಕೆಲಸವನ್ನು ಒಂದೇ ಸ್ವಿಚ್ಚಿನಲ್ಲಿ ಮುಗಿಸಿದ ಹಾಗೆ.

ಪರೀಕ್ಷೆಯ ಡಬ್ಬಿಯೊಂದಿದೆ. ಸಣ್ಣ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ಎರಡು ಬಾಟಲಿಯಿಂದ ಹನಿ ಎಣಿಸಿ ಹಾಕಿ, ಮುಚ್ಚಿ ಕುಲುಕಿ, ಐದು ನಿಮಿಷ ಕಾಯಬೇಕು. ನೀರು ಹಳದಿಯಾದರೆ ಒಳ್ಳೆಯದು, ಹಸಿರಾದರೆ ಅಮೋನಿಯ. ಹೇಳಲು ಎಷ್ಟು ಸುಲಭ! ಟ್ಯೂಬ್ ಲೈಟಿನ ಕೆಳಗೆ ಹಸಿರು ಕಂಡದ್ದು ಅಂಗಳಕ್ಕೆ ತಂದರೆ ಹಳದಿ. ಕನ್ನಡಕ ಹಾಕಿದರೆ ಒಂದು ಬಣ್ಣ, ತೆಗೆದರೆ ಇನ್ನೊಂದು. ಬಣ್ಣದ ಕಾರ್ಡಿನಲ್ಲಿ ಇರುವ ಯಾವ ಚೌಕಕ್ಕೂ ನನ್ನ ಕೊಳವೆಯ ಬಣ್ಣ ಸೇರುತ್ತಿರಲಿಲ್ಲ. ಹನಿ ಹಾಕುವಾಗ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ಒಂದು ದಿನ ಮೂರು ಸಲ ಮಾಡಿ ಮೂರು ಉತ್ತರ ಬಂದಾಗ, ಕೊಳವೆಯನ್ನು ಅಂಗಳದ ಕಲ್ಲಿಗೆ ಬಡಿಯಲು ಕೈ ಎತ್ತಿದ್ದೆ. ಬಡಿಯಲಿಲ್ಲ. ಅದರ ಮುಚ್ಚಳಕ್ಕೆ ಅವನು ಅಂಟಿಸಿದ್ದ ಹಸಿರು ಟೇಪ್ ಕಂಡಿತು.

ಅದರ ಮೇಲೆ ಬುದ್ಧಿ ಹೇಳುವವರು. ಬಂದ ಪ್ರತಿಯೊಬ್ಬರೂ ಮೊದಲು ನನಗೆ ಸಾಂತ್ವನ ಹೇಳಿ, ಆಮೇಲೆ ತೊಟ್ಟಿಯ ಕಡೆ ತಿರುಗುತ್ತಿದ್ದರು. ಪಕ್ಕದ ಮನೆಯವಳು, "ಸಮುದ್ರ ಇಲ್ಲೇ ಉಂಟಲ್ಲ ಮಾರಾಯ್ತಿ, ಉಪ್ಪು ಯಾಕೆ ಪ್ಯಾಕೆಟಲ್ಲಿ ತರುದು?" ಎಂದಳು. ಒಂದು ಭಾನುವಾರ ಚಿಕ್ಕಪ್ಪನ ಮಗ ಸ್ಕೂಟಿಯ ಮುಂದೆ ಎರಡು ಕ್ಯಾನ್ ಇಟ್ಟುಕೊಂಡು ಬಂದ.

"ಬಾಯ್, ಇನ್ನು ನೀನು ಟೆನ್ಶನ್ ಮಾಡ್ಬೇಡ. ಒರಿಜಿನಲ್ ಕಡಲು ತಂದಿದ್ದೇನೆ."

"ಎಲ್ಲಿಂದ?"

"ಕೂಳೂರು ಸಂಕದ ಅಡಿಯಿಂದ."

"ಅದು ಹೊಳೆ ಅಲ್ವಾ?"

"ಹೊಳೆಯೇ. ಆದ್ರೆ ಭರತದ ಹೊತ್ತಿಗೆ ಕಡಲು ಒಳಗೆ ಬರ್ತದೆ. ಉಪ್ಪುಂಟು, ನಾನು ಬಾಯಿಗೆ ಹಾಕಿ ನೋಡಿದೆ."

"ಬಾಯಿಗೆ ಹಾಕಿದೆಯಾ? ಆ ನೀರನ್ನು?"

"ನಿನ್ನ ತಮ್ಮ ಹಾಗೆಯೇ ಮಾಡ್ತಾ ಇದ್ದ ಅಲ್ವಾ?"

ಅವನ ಮುಖದಲ್ಲಿ ಅಷ್ಟು ಹೆಮ್ಮೆ ಇತ್ತು, ಬೈಯಲು ಬಾಯಿ ಬರಲಿಲ್ಲ. ಕಾಕನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟೆ. ವಿಷಯ ಕೇಳಿ ಕಾಕ, "ಯಾರು ತಂದದ್ದು? ಅವರಿಗೆ ಮೊದಲು ಹೊಟ್ಟೆಗೆ ಮದ್ದು ಕೊಡಿ" ಎಂದರು. ಚಿಕ್ಕಪ್ಪನ ಮಗ ಎರಡು ಕ್ಯಾನನ್ನೂ ಬಚ್ಚಲಿಗೆ ಸುರಿದು, ಊಟ ಮಾಡದೆ ಹೊರಟ. ತಿರುಗಿ ಕರೆದು ಊಟ ಹಾಕಿದೆ.

ನನ್ನ ಕೈಯಿಂದಲೂ ತಪ್ಪಾಯಿತು. ತೊಟ್ಟಿಯ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಸ್ಪಂಜು ಇರುತ್ತದೆ, ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಆಸ್ಪತ್ರೆಯ ಬಟ್ಟೆಯ ಕೋಣೆಯಲ್ಲಿ ಬೆಳೆದ ಕೈ ನನ್ನದು. ಕಲೆ ಕಂಡರೆ ಸುಮ್ಮನಿರುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ಹಿಂಡಿ ಹಿಂಡಿ ತೊಳೆದೆ. ಬೆಳ್ಳಗಾಯಿತು. ಸಂತೋಷದಿಂದ ಕಾಕನಿಗೆ ಹೇಳಿದೆ. "ಅಯ್ಯೋ ಬಾಯಮ್ಮ" ಎಂದು ತಲೆ ಮೇಲೆ ಕೈಯಿಟ್ಟುಕೊಂಡ ದನಿ. ನಲ್ಲಿ ನೀರಿಗೆ ಹಾಕುವ ಮದ್ದಿಗೆ, ಹೊಸದಾಗಿ ಹುಟ್ಟುತ್ತಿದ್ದ ಆ ಕಾಣದ ಜೀವಗಳೆಲ್ಲ ಮತ್ತೆ ಹೋದವು. ಎರಡು ದಿನದಲ್ಲಿ ಕೊಳವೆಯಲ್ಲಿ ಹಸಿರು. ಕನ್ನಡಕ ಹಾಕಿದರೂ ಹಸಿರು, ತೆಗೆದರೂ ಹಸಿರು. ಕಾಕ ಮತ್ತೆ ಕ್ಯಾನ್ ತಂದರು. ತಮ್ಮನ ಮೇಲೆಯೇ ನನಗೆ ಸಿಟ್ಟು ಬಂತು. ಕೊಳೆ ಇರಬೇಕಾದ ಕಡೆ ಕೊಳೆ ಇರಲಿ ಎಂದು ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದನೋ ಏನೋ. ನಾನು ಟಿವಿ ನೋಡುತ್ತಿದ್ದೆ.

ಹೀಗೆ ಒಂದು ತಿಂಗಳಾಗುವಾಗ ಕೊಳವೆ ಹಳದಿಗೆ ಬಂತು. ಮರುದಿನವೂ ಹಳದಿ. ದೊಡ್ಡದು ಕಲ್ಲಿನ ಸುತ್ತ ಈಜತೊಡಗಿತು, ತಿಂಡಿಗೆ ಮೇಲೆ ಬರತೊಡಗಿತು. ಆ ದಿನಗಳಲ್ಲಿ ಒಂದೇ ಒಂದು ಕೆಲಸ ಮಾತ್ರ ನಾನು ಇಷ್ಟಪಟ್ಟು ಮಾಡುತ್ತಿದ್ದದ್ದು. ಬೇಸಗೆ ಶುರುವಾಗಿತ್ತು. ಫ್ಯಾನಿನ ಗಾಳಿಗೆ, ಸೆಕೆಗೆ ತೊಟ್ಟಿಯ ನೀರು ದಿನವೂ ಒಂದು ಚೊಂಬಿನಷ್ಟು ಇಳಿಯುತ್ತಿತ್ತು. ಬೆಳಿಗ್ಗೆ ಪೂಜೆಯಿಂದ ಬಂದ ಕೂಡಲೇ ವರಾಂಡದ ಡ್ರಮ್ಮಿನ ಮುಚ್ಚಳ ತೆಗೆದು, ಒಂದು ಚೊಂಬು ನೀರು ಮೊಗೆದು ತೊಟ್ಟಿಗೆ ಹಾಕುತ್ತಿದ್ದೆ. ಅವನು ಬೆರೆಸಿಟ್ಟ ನೀರು. ಬಕೆಟ್‌ಗಟ್ಟಲೆ ಸುರಿದು ಮುಗಿಸಲು ಮನಸ್ಸಿರಲಿಲ್ಲ. ದಿನಕ್ಕೊಂದು ಚೊಂಬಾದರೆ ಬಹಳ ದಿನ ಬರುತ್ತದೆ. ಸಾಕಿದ ಮೀನಿಗೆ ಅವನೇ ಕೈಯಾರೆ ಕೊಟ್ಟ ಹಾಗೆ. ಇದನ್ನು ಕಾಕನಿಗೆ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಲೇ ಇಲ್ಲ.

ಈಸ್ಟರ್ ಕಳೆದು ಸ್ವಲ್ಪ ದಿನಕ್ಕೆ ದೊಡ್ಡದು ಮತ್ತೆ ಮಂಕಾಯಿತು. ಮೂಲೆಯಲ್ಲಿ ನಿಂತಿರುತ್ತಿತ್ತು, ತಿಂಡಿಯನ್ನು ಬಾಯಿಗೆ ತೆಗೆದು ಉಗುಳುತ್ತಿತ್ತು. ನೀರು ಪರೀಕ್ಷೆ ಮಾಡಿದೆ, ಹಳದಿ. ಮತ್ತೆ ಮಾಡಿದೆ, ಹಳದಿ. ಈಗ ನನಗೆ ಬಣ್ಣ ಗೊತ್ತಾಗುತ್ತಿತ್ತು, ಆದರೆ ಬಣ್ಣ ಸರಿ ಇದ್ದೂ ಮೀನು ಸರಿ ಇಲ್ಲ! ಇದಕ್ಕಿಂತ ಹಸಿರಾಗಿದ್ದರೇ ಒಳ್ಳೆಯದಿತ್ತು, ತಪ್ಪು ಎಲ್ಲಿ ಎಂದಾದರೂ ಕಾಣುತ್ತಿತ್ತು. ಕಾಕ ಫೋನಿನಲ್ಲಿ ಒಂದೊಂದಾಗಿ ಕೇಳಿದರು. ತಿಂಡಿ ಹೆಚ್ಚು ಹಾಕಿದಿರಾ? ಇಲ್ಲ. ಸೊಳ್ಳೆಯ ಸ್ಪ್ರೇ ಹೊಡೆದಿರಾ? ಇಲ್ಲ. ಸ್ಪಂಜು ತೊಳೆದಿರಾ?

"ನಾನು ಈಗ ನನ್ನ ಪಾತ್ರೆ ತೊಳೆಯಲಿಕ್ಕೂ ಹೆದರ್ತೇನೆ ಕಾಕ."

"ಮತ್ತೆ ಉಪ್ಪು? ಮುಳ್ಳಿನ ಡಬ್ಬಿ ಎಷ್ಟು ತೋರಿಸ್ತದೆ?"

"ಯಾವ ಡಬ್ಬಿ? ಅವನು ನಾಲಿಗೆಯಲ್ಲಿ ನೋಡುವುದು."

ಕಾಕ ನಕ್ಕರು. "ನಾಲಿಗೆಯಲ್ಲಿ ನೋಡುದು ನಿಮಗೆ ತೋರಿಸ್ಲಿಕ್ಕೆ. ಅದಕ್ಕಿಂತ ಮೊದಲು ಡಬ್ಬಿಯಲ್ಲಿ ನೋಡಿ ಆಗಿರ್ತದೆ. ನನ್ನ ಹತ್ರವೇ ತಗೊಂಡದ್ದು."

ಒಂಬತ್ತು ವರ್ಷ ನನ್ನನ್ನು ಆಡಿಸಿದ್ದ. ಸಿಟ್ಟು ಬಂತು, ನಗುವೂ ಬಂತು, ಅದನ್ನು ಹೇಳಿ ಜಗಳ ಮಾಡಲು ಅವನಿಲ್ಲ. ಅವನ ಕೋಣೆಯ ಮೇಜಿನ ಡ್ರಾಯರ್ ನಾನು ಅಲ್ಲಿಯವರೆಗೆ ತೆರೆದಿರಲಿಲ್ಲ. ತೆರೆದೆ. ಗಲ್ಫಿನ ಹಳೆಯ ಗುರುತಿನ ಚೀಟಿ, ಕತ್ತರಿ, ಒಂದು ಜಪಮಾಲೆ, ಅದರಡಿ ಕೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೂಗುವ ಮುಳ್ಳು. ಹೊರಗೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದ, ಮುಳ್ಳು ಎಲ್ಲಿ ನಿಲ್ಲಬೇಕು ಎಂದು. ತೊಟ್ಟಿಯ ನೀರು ತುಂಬಿದೆ. ಮುಳ್ಳು ಕೆಂಪು ಗೆರೆಯನ್ನು ದಾಟಿ ಬಹಳ ಮೇಲೆ ಹೋಗಿ ನಿಂತಿತು. ಹಾಳಾಗಿದೆ ಎಂದುಕೊಂಡೆ. ಡ್ರಮ್ಮಿನ ನೀರು ತುಂಬಿ ನೋಡಿದೆ. ಸರಿಯಾಗಿ ಗೆರೆಯ ಮೇಲೆ ನಿಂತಿತು. ಡ್ರಮ್ಮಿನದು ಸರಿ, ಅದೇ ನೀರು ಹಾಕಿದ ತೊಟ್ಟಿಯದು ತಪ್ಪು. ಇದು ಯಾವ ನ್ಯಾಯ? ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಅಡುಗೆ ಮನೆಗೆ ಹೋದೆ.

ಒಲೆಯ ಮೇಲೆ ಮೊನ್ನೆಯ ಬಂಗುಡೆ ಸಾರು ಇತ್ತು. ಅವನು ಹೋದ ಮೇಲೂ ನನ್ನ ಕೈಗೆ ಒಬ್ಬರ ಅಳತೆ ಬಂದಿರಲಿಲ್ಲ. ಇಬ್ಬರಿಗೆ ಮಾಡಿ, ಎರಡು ದಿನ, ಮೂರು ದಿನ ಬಿಸಿ ಮಾಡಿ ತಿನ್ನುತ್ತಿದ್ದೆ. ಮಣ್ಣಿನ ಪಾತ್ರೆಯಲ್ಲಿ ಸಾರು ಬತ್ತಿ ಗಟ್ಟಿಯಾಗಿತ್ತು. ರುಚಿ ನೋಡಿದರೆ ಉಪ್ಪು, ಬಾಯಿಗೆ ಇಡಲಾಗದಷ್ಟು. ಯಾವಾಗಲೂ ಮಾಡುವ ಹಾಗೆ ಲೋಟದಲ್ಲಿ ಬಿಸಿನೀರು ತೆಗೆದುಕೊಂಡೆ. ಸುರಿಯಲು ಬಗ್ಗಿಸಿದ ಲೋಟ ಹಾಗೆಯೇ ನಿಂತಿತು.

ಬತ್ತುವುದು ನೀರು. ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಹತ್ತು ವರ್ಷದ ಹುಡುಗಿಯಿದ್ದಾಗ ಅಮ್ಮ ಕಲಿಸಿದ ವಿಷಯ. ಬತ್ತಿದ ಸಾರಿಗೆ ಬರೀ ನೀರು ಹಾಕುತ್ತೇನೆ, ಉಪ್ಪು ಹಾಕಿದ ನೀರನ್ನು ಯಾರು ಹಾಕುತ್ತಾರೆ? ಹಾಲಿಗೆ ಹೋಗಿ ತೊಟ್ಟಿಯ ಅಂಚು ನೋಡಿದೆ. ಗಾಜಿನ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ದಿನವೂ ಕಾಣುತ್ತಿದ್ದದ್ದೇ. ಒಂದು ತಿಂಗಳಿಗೂ ಮೇಲೆ, ಬೆಳಿಗ್ಗೆ ಬೆಳಿಗ್ಗೆ, ಪ್ರೀತಿಯಿಂದ, ಒಂದೊಂದು ಚೊಂಬು ಉಪ್ಪನ್ನು ಆ ಮೀನಿನ ಮೇಲೆ ಸುರಿದಿದ್ದೆ. ತಮ್ಮನ ನೀರು ಎಂದು.

ಸೋಫಾದಲ್ಲಿ ಕೂತು ಅತ್ತೆ. ಅವನು ಸತ್ತ ದಿನ ಬಾರದ ಅಳು ಅದು. ದುಃಖಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಬಂದ ರೋಷಕ್ಕೆ ಅತ್ತದ್ದು.

ಕಾಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಚೊಂಬಿನ ವಿಷಯ ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ.

"ಕಾಕ, ಆ ದಿನ ಮೋಟರು ಆಫ್ ಮಾಡಿದ್ದು ಜನ ಅಲ್ಲ. ನಾನೇ. ತೇರ್ಸಕ್ಕೆ ದಿನಾ ಆಫ್ ಮಾಡುವುದು ನಾನು. ಆನ್ ಮಾಡುವುದು ಅವನು."

ಆ ಕಡೆ ಅಂಗಡಿಯ ಮೋಟರುಗಳ ಸದ್ದು ಕೇಳುತ್ತಿತ್ತು.

"ಆಯ್ತು" ಎಂದರು ಕಾಕ. "ಇನ್ನು ಮೇಲೆ ಆಫ್ ಮಾಡ್ಬೇಡಿ. ಪ್ರಾರ್ಥನೆ ಸ್ವಲ್ಪ ದೊಡ್ಡಕ್ಕೆ ಹೇಳಿ. ದೇವರಿಗೆ ಕೇಳ್ತದೆ." ಆಮೇಲೆ ಹೇಳಿದರು, "ಮತ್ತೆ ಉಪ್ಪನ್ನು ಒಂದೇ ದಿನದಲ್ಲಿ ಇಳಿಸ್ಲಿಕ್ಕೆ ಹೋಗ್ಬೇಡಿ, ಗೊತ್ತಾಯ್ತಾ? ಸಾರು ಅಲ್ಲ ಅದು. ಫಿಲ್ಟರ್ ನೀರು, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಜಾಸ್ತಿ ಆದ್ರೆ ಅಷ್ಟು ತೊಟ್ಟಿಯಿಂದ ತೆಗೆಯಿರಿ. ಮುಳ್ಳು ನಿಧಾನ ಬರ್ಲಿ."

ಮುಳ್ಳು ನಿಧಾನವಾಗಿಯೇ ಬಂತು. ಎರಡು ವಾರ ಹಿಡಿಯಿತು. ದಿನವೂ ನೋಡುತ್ತಿದ್ದೆ, ಒಂದು ದಿನ ಅಲ್ಲಾಡಲೇ ಇಲ್ಲ, ಇನ್ನೊಂದು ದಿನ ಗಾಳಿಗುಳ್ಳೆ ಅಂಟಿಕೊಂಡು ಸುಳ್ಳು ತೋರಿಸಿತು, ಡಬ್ಬಿಗೆ ಬೆರಳಿನಿಂದ ತಟ್ಟಿ ತಟ್ಟಿ ಬೈದೆ. ಕೊನೆಗೆ ಕೆಂಪು ಗೆರೆಗೆ ಬಂದು ನಿಂತಿತು. ಅದರ ನಂತರ ನಾಲ್ಕೈದು ದಿನಕ್ಕೆ ದೊಡ್ಡದು ಮೂಲೆ ಬಿಟ್ಟು, ನಾನು ತೊಟ್ಟಿಯ ಮುಂದೆ ನಿಂತ ಕೂಡಲೇ ಗಾಜಿನ ಹತ್ತಿರ ಬರತೊಡಗಿತು. ಕಾಕ ಬಂದು ನೋಡಿ, "ಇದಕ್ಕೊಂದು ಜೊತೆ ಬಿಡುವನಾ?" ಎಂದರು. ಈಗ ಬೇಡ ಎಂದೆ.

ಡ್ರಮ್ಮಿನಲ್ಲಿ ಉಳಿದದ್ದನ್ನು ಗುರುವಾರಗಳಲ್ಲಿ ನೀರು ಬದಲಿಸಲು ಬಳಸಿದೆ, ಅವನು ಬೆರೆಸಿದ್ದು ಯಾಕಾಗಿಯೋ ಅದಕ್ಕೇ. ಪೈಪಿನ ಎರಡೂ ತುದಿ ನಾನೇ ಹಿಡಿಯಬೇಕು. ಒಂದು ತುದಿಯನ್ನು ಬಟ್ಟೆಯ ಕ್ಲಿಪ್ಪಿನಿಂದ ಬಕೆಟಿಗೆ ಸಿಕ್ಕಿಸುತ್ತೇನೆ. ಅದು ಆಗಾಗ ಜಾರಿ ನೆಲವೆಲ್ಲ ಒದ್ದೆಯಾಗುತ್ತದೆ. ಮಳೆಗಾಲ ಬರುವ ಮೊದಲು ಡ್ರಮ್ ಖಾಲಿಯಾಯಿತು. ಒಳಗೆ ಕೈ ಹಾಕಿ ಬಟ್ಟೆಯಲ್ಲಿ ಒರೆಸುವಾಗ ತಳದಲ್ಲಿ ಒಂದು ಲೋಟದಷ್ಟು ಇತ್ತು, ಅದನ್ನೂ ಹಾಕಿದೆ. ಆಮೇಲೆ ಪ್ಯಾಕೆಟ್ ಕತ್ತರಿಸಿ ನಾನೇ ಬೆರೆಸಿದೆ. ಮುಳ್ಳು ಗೆರೆಯ ಮೇಲೆ ನಿಂತಿತು. ಬೆರಳು ಅದ್ದಿ ನಾಲಿಗೆಗೂ ಇಟ್ಟು ನೋಡಿದೆ. ಬರೀ ಉಪ್ಪು, ಬೇರೆ ಏನೂ ಗೊತ್ತಾಗಲಿಲ್ಲ.

ದೊಡ್ಡದು ಬದುಕಿದೆ. ಪರೀಕ್ಷೆಯ ಕೊಳವೆ ಹಳದಿ ಇದೆ, ಮುಳ್ಳು ಗೆರೆಯ ಮೇಲಿದೆ. ಸ್ವಿಚ್ಚಿನ ಮೇಲೆ ಅವನ ಹಸಿರು ಟೇಪಿನ ಒಂದು ತುಂಡು ಅಂಟಿಸಿದ್ದೇನೆ, ಮರೆತೂ ಕೈ ಹೋಗದಿರಲಿ ಎಂದು. ಏಳು ಗಂಟೆಗೆ ಬತ್ತಿ ಹೊತ್ತಿಸಿ, ಮೋಟರಿನ ಗೊರಗೊರದ ನಡುವೆ, ಕಾಕ ಹೇಳಿದ ಹಾಗೆ ಸ್ವಲ್ಪ ದೊಡ್ಡದಾಗಿ ತೇರ್ಸ ಹೇಳುತ್ತೇನೆ. ನಮ್ಮ ತೇರ್ಸದಲ್ಲಿ ಪ್ರತಿ ಮಣಿಯ ಪ್ರಾರ್ಥನೆಯ ಮೊದಲ ಅರ್ಧ ಒಬ್ಬರು, ಉಳಿದ ಅರ್ಧ ಇನ್ನೊಬ್ಬರು ಹೇಳುವುದು. ಮೊದಲ ಅರ್ಧ ಯಾವಾಗಲೂ ನನ್ನದು. ಈಗ ಎರಡನ್ನೂ ನಾನೇ ಹೇಳುತ್ತೇನೆ.